ಈ ಬಿಸಿಲು ತಂದವರು ಯಾರು, ಮಾಸ್ತರರೇ?

ಸೇಡಂ ರಸ್ತೆಯ ನಿವೃತ್ತ ಗಣಿತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ನೀವು ಯಾವಾಗಲೂ ಬಸ್ಸು, ಸೈಕಲ್ ಅಂತಲೇ ಬರೀತೀರಿ. ಕಲಬುರಗಿ ಬಿಸಿಲಲ್ಲಿ ಸೈಕಲ್ ತುಳಿಯೋರು ಯಾರು? ಬೆಂಗಳೂರಿನ ಮಗ ಕಾರು ಕೊಡಿಸಿದ್ದಾನೆ, ನಿಲ್ಲಿಸಲು ಜಾಗವೇ ಇಲ್ಲ. ಸೂಪರ್ ಮಾರ್ಕೆಟ್ ಪ್ರದೇಶದಿಂದ ಟಂಟಂಗಳನ್ನು, ಅಂದರೆ ಶೇರ್ ಆಟೋಗಳನ್ನು, ಹೊರಗೆ ಹಾಕಲಿ, ಲಾರಿ ತಡೆಯಲಿ, ರಸ್ತೆ ಅಗಲ ಮಾಡಲಿ."

ಮಾಸ್ತರರೇ, ಇಷ್ಟು ದುಂಡನೆಯ ಅಕ್ಷರದ ಪತ್ರ ಬಂದು ಬಹಳ ದಿನ ಆಗಿತ್ತು. ಎರಡು ಸಲ ಓದಿದೆ. ಒಂದು ಮಾತು ಒಪ್ಪುತ್ತೇನೆ. ವಯಸ್ಸಾದವರನ್ನು ಮಧ್ಯರಾತ್ರಿ ಆಸ್ಪತ್ರೆಗೆ ಒಯ್ಯಬೇಕಾದರೆ ಕಾರು ಬೇಕೇ ಬೇಕು. ಆದರೆ ಬಿಸಿಲಿನ ಮಾತು ಆಡಿದ್ದೀರಲ್ಲ, ಅದನ್ನು ಸುಮ್ನೆ ಬಿಡಲಾರೆ.

ನಾನು ಹೈಸ್ಕೂಲಿಗೆ ಸೈಕಲ್ ಮೇಲೆ ಹೋಗುತ್ತಿದ್ದೆ. ದಾರಿಯುದ್ದಕ್ಕೂ ಬೇವಿನ ಮರಗಳು. ಮಾರ್ಚ್ ತಿಂಗಳ ಪರೀಕ್ಷೆ ದಿನಗಳಲ್ಲೂ ಒಂದು ನೆರಳು ದಾಟಿದರೆ ಇನ್ನೊಂದು ಸಿಗುತ್ತಿತ್ತು. ಆಮೇಲೆ ರಸ್ತೆ ಅಗಲ ಮಾಡಿದರು. ಹದಿನಾಲ್ಕು ಮರ ಹೋದವು, ಕಡಿದ ಬುಡಗಳನ್ನು ನಾನೇ ಎಣಿಸಿದ್ದೇನೆ. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಡಾಂಬರು ಹಗಲೆಲ್ಲ ಕಾದು ರಾತ್ರಿಯೂ ಝಳ ಬಿಡುತ್ತದೆ. ಕಾರಿನ ಎಸಿ ಒಳಗಿನ ಬಿಸಿಯನ್ನು ತಂದು ಪಕ್ಕದಲ್ಲಿ ನಡೆಯುವವರ ಮೈಮೇಲೆ ಸುರಿಯುತ್ತದೆ. ಕಾರಿಗಾಗಿ ನೆರಳು ಕಡಿದೆವು. ಈಗ ನೆರಳಿಲ್ಲ, ಅದಕ್ಕೇ ಕಾರು ಬೇಕು ಅನ್ನುತ್ತೇವೆ. ಇದು ಯಾವ ಲೆಕ್ಕ, ಮಾಸ್ತರರೇ?

ಲೆಕ್ಕದ ಮಾತು ಬಂತಲ್ಲ, ಇನ್ನೊಂದು ಕೇಳಿ. ಒಂದು ಸಿಟಿ ಬಸ್ಸು ಹೆಚ್ಚು ಕಡಿಮೆ ಮೂರು ಕಾರಿನಷ್ಟು ಉದ್ದ. ಅದರಲ್ಲಿ ನಲವತ್ತು ಜನ ಹೋಗುತ್ತಾರೆ. ಜಗತ್ ವೃತ್ತದಲ್ಲಿ ಹತ್ತು ನಿಮಿಷ ನಿಂತು ಮೂರು ಕಾರಲ್ಲಿ ಎಷ್ಟು ಜನ ಇದ್ದಾರೆ ಅಂತ ನೀವೇ ಎಣಿಸಿ. ರಸ್ತೆ ಹಂಚಬೇಕಾದದ್ದು ಜನರಿಗೆ, ವಾಹನಗಳಿಗಲ್ಲ ಅಂತ ಕೇಂದ್ರ ಸರ್ಕಾರದ 2006ರ ನಗರ ಸಾರಿಗೆ ನೀತಿಯೇ ಹೇಳುತ್ತದೆ. ರಸ್ತೆ ಅಗಲ ಮಾಡಿದರೆ ದಟ್ಟಣೆ ಕರಗುತ್ತದಾ? ಅಷ್ಟೊಂದು ಮೇಲ್ಸೇತುವೆ ಕಟ್ಟಿದ ಊರಲ್ಲೇ ನಿಮ್ಮ ಮಗ ಇದ್ದಾರೆ, ಅವರನ್ನೇ ಕೇಳಿ.

ಗಂಜ್ ಮಾರುಕಟ್ಟೆಗೆ ತೊಗರಿ ತರುವ ಲಾರಿಗಳನ್ನೂ ಬೈದಿದ್ದೀರಿ. ಲಾರಿ ಚೀಲ ಇಳಿಸಿ ಹೊರಟು ಹೋಗುತ್ತದೆ. ಕಾರು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ನಿಂತಿರುತ್ತದೆ.

ಟಂಟಂ ಹೊರಗೆ ಹಾಕಲಿ ಅಂದದ್ದು ಮಾತ್ರ ನನಗೆ ನಿಜಕ್ಕೂ ನೋವಾಯಿತು. ಹೋದ ವರ್ಷ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಆರು ವಾರ ಟಂಟಂನಲ್ಲೇ ಕಚೇರಿಗೆ ಬಂದೆ. ಡ್ರೈವರ್ ದಿನಾ ನನಗೆ ಮುಂದಿನ ಸೀಟು ಹಿಡಿದಿಡುತ್ತಿದ್ದರು. ಹಿಂದೆ ಪುಂಡಿ ಪಲ್ಲೆ, ಮೆಂತ್ಯದ ಬುಟ್ಟಿ ಹೊತ್ತ ಹೆಣ್ಣುಮಕ್ಕಳು, ರಾತ್ರಿ ಪಾಳಿ ಮುಗಿಸಿದ ನರ್ಸ್, ನೋಟ್ಸ್ ಓದುತ್ತ ಕೂತ ಪಿಯುಸಿ ಹುಡುಗಿ. "ಜರಾ ಸರೀರಿ ಯವ್ವಾ" ಅಂದರೆ ಸಾಕು, ಇನ್ನೊಬ್ಬರಿಗೆ ಜಾಗ ಆಗುತ್ತಿತ್ತು. ಎಲ್ಲೆಂದರಲ್ಲಿ ನಿಲ್ಲಿಸುತ್ತಾರೆ, ಜನರನ್ನು ತುಂಬುತ್ತಾರೆ, ನಿಜ. ಅವರಿಗೆ ನಿಲ್ಲಲು ಸರಿಯಾದ ಜಾಗ ಗುರುತು ಮಾಡಿಕೊಟ್ಟಿದ್ದೇವಾ? ಅದೇ ಆರು ವಾರದಲ್ಲಿ ಒಂದು ದೊಡ್ಡ ಅಂಗಡಿಗೆ ಹೋಗಿದ್ದೆ. ಫುಟ್‌ಪಾತ್ ಮೇಲೆ ಸಾಲಾಗಿ ಕಾರು. ಊರುಗೋಲು ಹಿಡಿದು ರಸ್ತೆಗೆ ಇಳಿದೇ ಬಾಗಿಲು ಮುಟ್ಟಬೇಕಾಯಿತು. ಆ ಕಾರುಗಳನ್ನು ಹೊರಗೆ ಹಾಕಿ ಅಂತ ಯಾರೂ ಪತ್ರ ಬರೆಯಲಿಲ್ಲ.

ನಮ್ಮ ಭಾಗವನ್ನು ಹಿಂದುಳಿದದ್ದು ಅಂತ ಕರೆಯುತ್ತಾರೆ. ಆದರೆ ಈ ಊರು ನಿಜಾಮರ ರಾಜ್ಯದಲ್ಲಿದ್ದಾಗಲೇ, 1932ರಲ್ಲಿ, ಆ ರಾಜ್ಯದ ರೈಲ್ವೆ 27 ಬಸ್ಸುಗಳಿಂದ ಸಾರಿಗೆ ಶುರು ಮಾಡಿತ್ತು. ಆಮೇಲೆ ಏನಾಯಿತು? ಬೀದರ–ಕಲಬುರಗಿ ರೈಲು ಮಾರ್ಗ, ಬರೀ 110 ಕಿಲೋಮೀಟರ್, ಮುಗಿಯಲು 2017 ಬರಬೇಕಾಯಿತು. 2019ರಲ್ಲಿ ವಿಮಾನ ಬಂತು, ಎಲ್ಲರೂ ಸಂಭ್ರಮಿಸಿದೆವು. ಬಸ್ ನಿಲ್ಲುವ ಕಡೆ ಒಂದು ತಗಡಿನ ನೆರಳು ಕೇಳಿದರೆ ಮಾತ್ರ ದುಡ್ಡಿಲ್ಲ ಅನ್ನುತ್ತಾರೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ ಆದಾಗ ಜಾಸ್ತಿ ಜನ ಗದ್ದಲದ ಬಗ್ಗೆಯೇ ಗೊಣಗಿದರು. ಇನ್ನಷ್ಟು ಬಸ್ಸು ಬಿಡಿ ಅಂತ ಕೇಳಿದವರು ಕಡಿಮೆ.

ಶರಣಬಸವೇಶ್ವರರ ತೇರು ಬರುವುದು ಹೋಳಿ ಹುಣ್ಣಿಮೆಯ ನಂತರ, ಬಿಸಿಲು ಏರುವ ಹೊತ್ತಿಗೆ. ಅವತ್ತು ಗುಡಿಯ ಸುತ್ತ ಊರಿಗೆ ಊರೇ ನಡೆಯುತ್ತದೆ. ದಾರಿಯಲ್ಲಿ ಅರವಟ್ಟಿಗೆ ಇಡುತ್ತಾರೆ, ನೆರಳಿಗೆ ಬಟ್ಟೆ ಕಟ್ಟುತ್ತಾರೆ. ನಡೆಯುವವರಿಗೆ ಏನು ಬೇಕು ಅಂತ ನಮಗೆ ಗೊತ್ತಿದೆ, ಅಲ್ವಾ? ಉಳಿದ ದಿನ ಯಾಕೆ ಮರೆಯುತ್ತೇವೆ?

ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ರಸ್ತೆಯ ತಿರುವಿಗೆ ಬರುತ್ತೇನೆ. ಕಾರು ಮನೆಯಲ್ಲೇ ಇರಲಿ, ಹೆಗಲಿಗೊಂದು ಟವೆಲ್ ತನ್ನಿ. ಅದೇ ಡ್ರೈವರಿಗೆ ಹೇಳಿದ್ದೇನೆ, ಮುಂದಿನ ಸೀಟು ನಿಮ್ಮದು.