ದರ್ವಾಜಾಕ್ಕೆ ಸಿಮೆಂಟು ಬೇಡ

ಪತ್ರ: ಬೀದರಿನ ನಮ್ಮ ಓಣಿಯ ಹಳೇ ದರ್ವಾಜಾದ ಬುರುಜಿನಲ್ಲಿ ಅರಳಿ ಗಿಡ ಎದ್ದಿದೆ, ಕಲ್ಲಿನ ಸಂದು ಬಾಯಿ ಬಿಟ್ಟಿದೆ. ವಿಳಾಸ ಹೇಳುವಾಗ ಎಲ್ಲರೂ ಅದನ್ನೇ ಹೇಳುತ್ತಾರೆ. ಹುಡುಗರೆಲ್ಲ ಸೇರಿ ಗಿಡ ಕಿತ್ತು, ಸಿಮೆಂಟು ಮೆತ್ತಿ, ಬಣ್ಣ ಹೊಡೆಯೋಣವೇ?

ಉತ್ತರ: ಮೂರೂ ಬೇಡ. ಶಾಹಗಂಜ್, ಫತೇ, ಮಂಗಲಪೇಟ, ದುಲ್ಹನ್, ತಾಲಘಾಟ್ ಎಂದು ಊರಗೋಡೆಗಿದ್ದ ಐದು ದರ್ವಾಜಾಗಳಲ್ಲಿ ನಿಮ್ಮದು ಯಾವುದೇ ಆಗಲಿ, ಇದೇ ಮಾತು.

ಮೊದಲು ಸಿಮೆಂಟು. ಬೀದರಿನ ಜಂಬಿಟ್ಟಿಗೆ ಕಲ್ಲು ತೂತುತೂತು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ. ಕುಡಿದ ನೀರು ಸಂದಿನ ಸುಣ್ಣದ ಗಾರೆಯಿಂದ ಆವಿಯಾಗಿ ಹೋಗಬೇಕು. ಅಲ್ಲಿ ಸಿಮೆಂಟು ತುಂಬಿದರೆ ದಾರಿ ಕಟ್ಟಿತು. ನೀರು ಕಲ್ಲಿನ ಮೈಯಿಂದಲೇ ಹೊರಡುತ್ತದೆ, ಹೋಗುವಾಗ ಉಪ್ಪನ್ನು ಅಲ್ಲೇ ಬಿಡುತ್ತದೆ. ಉಪ್ಪು ಹರಳುಗಟ್ಟಿ ಉಬ್ಬಿದಂತೆಲ್ಲ ಕಲ್ಲು ಪುಡಿಯಾಗಿ ಉದುರುತ್ತದೆ. ಕೊನೆಗೆ ಸಿಮೆಂಟಿನ ಗೆರೆ ಮಾತ್ರ ಮೂಳೆಯಂತೆ ಹೊರಗೆ ನಿಲ್ಲುತ್ತದೆ. ಆಯಿಲ್ ಪೇಂಟಿನದೂ ಇದೇ ಕಥೆ.

ಅರಳಿಯನ್ನು ಎಳೆಯಬೇಡಿ. ಬೇರು ಗೋಡೆಯ ಒಡಲೊಳಗಿನ ಜಲ್ಲಿಯನ್ನು ಹಿಡಿದಿರುತ್ತದೆ, ಗಿಡದ ಜೊತೆ ಕಲ್ಲೂ ಬರುತ್ತದೆ. ಕಡ್ಡಿಯಷ್ಟಿರುವ ಸಸಿಯನ್ನು ಗಾರೆ ಕೆದಕಿ ಬೇರುಸಮೇತ ತೆಗೆಯಬಹುದು. ದಪ್ಪಗಿದ್ದರೆ ಬುಡದಲ್ಲಿ ಕೊಯ್ದು, ಹಸಿ ಕಾಂಡಕ್ಕೆ ಕೂಡಲೇ ಕಳೆನಾಶಕ ಹಚ್ಚಿ, ಬೇರು ಪೂರ್ತಿ ಒಣಗಿದ ಮೇಲೆ ಸಂದು ಬಿಚ್ಚಬೇಕು. ಬರೀ ಕೊಂಬೆ ಕಡಿದರೆ ಮುಂದಿನ ಮಳೆಗೆ ಇನ್ನೂ ಸೊಕ್ಕಿ ಚಿಗುರುತ್ತದೆ.

ಸಂದಿಗೆ ಬೇಕಾದದ್ದು ವಾರಗಟ್ಟಲೆ ನೀರಿನಲ್ಲಿ ನೆನೆದ ಸುಣ್ಣ. ಒಂದು ಪಾಲು ಸುಣ್ಣಕ್ಕೆ ಎರಡರಿಂದ ಮೂರು ಪಾಲು ಮರಳು, ಮರಳಿನಲ್ಲೇ ಸ್ವಲ್ಪ ಭಾಗ ಇಟ್ಟಿಗೆ ಪುಡಿ. ಸಂದನ್ನು ತೋಯಿಸಿ, ಪದರ ಪದರವಾಗಿ ಒತ್ತಿ ತುಂಬಿ, ವಾರವಾದರೂ ಒದ್ದೆ ಗೋಣಿ ಹೊದಿಸಬೇಕು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನ ಗಟ್ಟಿಯಾಗುತ್ತದೆ. ನಮ್ಮ ಭಾಗದ ಏಪ್ರಿಲ್ ಬಿಸಿಲಿಗೆ ಬಿಟ್ಟರೆ ಮೊದಲೇ ಒಣಗಿ ಬಿರಿಯುತ್ತದೆ. ಮಳೆ ನಿಂತ ಮೇಲಿನ ಚಳಿ ದಿನಗಳೇ ವಾಸಿ.

ಇಷ್ಟು ಬರೆದದ್ದು ನೀವೇ ತಾಪಿ ಹಿಡಿಯಲೆಂದಲ್ಲ, ಗುತ್ತಿಗೆದಾರ ಸಿಮೆಂಟು ಚೀಲ ಇಳಿಸಿದಾಗ ತಡೆಯಲೆಂದು. ಕೇಂದ್ರ ಸಂರಕ್ಷಿತ ಸ್ಮಾರಕವಾಗಿದ್ದರೆ ಅದಕ್ಕೆ ಹಾನಿ ಮಾಡಿದವರಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬಿರುಕಿನ ಪಕ್ಕ ಸ್ಕೇಲು ಹಿಡಿದು ಫೋಟೊ ತೆಗೆಯಿರಿ, ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ. ಅಗಲ ಹೆಚ್ಚಿದ್ದರೆ ಆ ಎರಡು ಫೋಟೊಗಳನ್ನು ಅರ್ಜಿಯ ಜೊತೆ ಪುರಾತತ್ವ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ದರ್ವಾಜಾಕ್ಕೆ ಲೈಟು ಹಾಕಿಸುವ ಆಸೆಯೂ ಇದ್ದರೆ ಅದಕ್ಕೂ ಅನುಮತಿ ಕೇಳಿ. ಕಂಬ ನೆಲದಲ್ಲಿರಲಿ, ಗೋಡೆಗೆ ಡ್ರಿಲ್ ಮುಟ್ಟಿಸಬೇಡಿ.