ಓಡುವಾಗ ಹೃದಯಕ್ಕೆ ರಕ್ತ ಎಲ್ಲಿಂದ?

ಓದುಗರೊಬ್ಬರ ಪತ್ರ: ಮೈಗೆಲ್ಲ ರಕ್ತ ಹಂಚುವ ಹೃದಯ, ಓಡುವಾಗ ತನ್ನ ಪಾಲನ್ನು ಹೇಗೆ ಪಡೆಯುತ್ತದೆ? ಒಳಗೆ ತುಂಬಿರುವ ರಕ್ತವನ್ನೇ ಹೀರಿಕೊಳ್ಳುತ್ತದೆಯೇ? ನಮ್ಮ ತಂದೆಯವರಿಗೆ ಕೂತಾಗ ಏನೂ ತೊಂದರೆಯಿಲ್ಲ, ಇಸಿಜಿಯೂ ಸರಿಯಿದೆ. ಮೆಟ್ಟಿಲು ಹತ್ತಿದರೆ ಮಾತ್ರ ಎದೆ ಹಿಡಿದಂತಾಗುತ್ತದೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲ ಉತ್ತರ. ಸಂಬಂಧ ಇರುವ ಸಾಧ್ಯತೆ ಹೆಚ್ಚು. ತಂದೆಯವರನ್ನು ತಡಮಾಡದೆ ಹೃದಯತಜ್ಞರಿಗೆ ತೋರಿಸಿ. ಯಾಕೆಂದು ಮುಂದೆ ಹೇಳುತ್ತೇನೆ.

ಹೃದಯದ ಕೋಣೆಗಳಲ್ಲಿರುವ ರಕ್ತ ಅದರ ದಪ್ಪ ಗೋಡೆಯ ಆಳಕ್ಕೆ ಇಳಿಯುವುದಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಎರಡು ಕೊರೊನರಿ ಅಪಧಮನಿಗಳೇ ಆ ಸ್ನಾಯುವಿಗೆ ಗತಿ. ವಿಶ್ರಾಂತಿಯಲ್ಲಿ ಅವುಗಳಲ್ಲಿ ಹರಿಯುವುದು ನಿಮಿಷಕ್ಕೆ ಸುಮಾರು 250 ಮಿ.ಲೀ.

ಕಾಲಿನ ಸ್ನಾಯುವಿಗೆ ಕೆಲಸ ಹೆಚ್ಚಾದರೆ, ಬಂದ ರಕ್ತದಿಂದಲೇ ಇನ್ನಷ್ಟು ಆಮ್ಲಜನಕ ಹೀರಿಕೊಳ್ಳಲು ಅವಕಾಶವಿದೆ. ಹೃದಯಕ್ಕೆ ಅದು ತೀರಾ ಕಡಿಮೆ. ನಾವು ಸುಮ್ಮನೆ ಕೂತಾಗಲೇ ಅದು ತನಗೆ ಬಂದ ಆಮ್ಲಜನಕದ ಶೇ. 70–80ರಷ್ಟನ್ನು ಬಳಸಿಕೊಂಡಿರುತ್ತದೆ. ಹಾಗಾಗಿ ಓಡುವಾಗ ರಕ್ತದ ಹರಿವೇ ಹೆಚ್ಚಬೇಕು. ಜೋರು ವ್ಯಾಯಾಮದಲ್ಲಿ ಅದು ನಾಲ್ಕೈದು ಪಟ್ಟು ಏರಬಲ್ಲದು.

ಅದೂ ಸಲೀಸಲ್ಲ. ಮೈಗೆಲ್ಲ ರಕ್ತ ತಳ್ಳುವ ಕೋಣೆಯಾದ ಎಡ ಹೃತ್ಕುಕ್ಷಿ ಸಂಕುಚಿಸುವಾಗ ತನ್ನ ಗೋಡೆಯೊಳಗಿನ ನಾಳಗಳನ್ನೂ ಅದುಮುತ್ತದೆ. ಅದಕ್ಕೆ ರಕ್ತದ ಬಹುಪಾಲು ಸಿಗುವುದು ಸಡಿಲಗೊಂಡಾಗ ಮಾತ್ರ. ಬಡಿತ ಚುರುಕಾದಷ್ಟೂ ಕುಗ್ಗುವುದು ಆ ಸಡಿಲಿಕೆಯ ಹೊತ್ತೇ. ಹಸಿವು ಹೆಚ್ಚಿದಾಗಲೇ ಉಣ್ಣುವ ಸಮಯ ಕಡಿಮೆ!

ಈ ಬಿಕ್ಕಟ್ಟನ್ನು ಬಿಡಿಸುವುದು ಬರಿಗಣ್ಣಿಗೆ ಕಾಣದಷ್ಟು ಸಪೂರವಾದ ಕಿರುಧಮನಿಗಳು. ದುಡಿಯುವ ಸ್ನಾಯುಕೋಶಗಳಿಂದ ಹೊರಬೀಳುವ ರಾಸಾಯನಿಕಗಳು ಅವುಗಳನ್ನು ಹಿಗ್ಗಿಸುತ್ತವೆ. ಅಡೆನೊಸಿನ್ ಎಂಬುದೇ ಮುಖ್ಯ ಸಂದೇಶವಾಹಕ ಎಂದು ಶರೀರಕ್ರಿಯಾ ವಿಜ್ಞಾನಿ ರಾಬರ್ಟ್ ಬರ್ನ್ 1963ರಲ್ಲಿ ವಾದಿಸಿದರು. ಆದರೆ ಪ್ರಯೋಗಗಳಲ್ಲಿ ಅದನ್ನು ತಡೆದರೂ ವ್ಯಾಯಾಮದ ವೇಳೆ ಹರಿವು ಏರಿತು. ನಾಳದ ಒಳಪದರ ಸೂಸುವ ನೈಟ್ರಿಕ್ ಆಕ್ಸೈಡ್, ಇಂಗಾಲದ ಡೈಆಕ್ಸೈಡ್, ಪೊಟ್ಯಾಸಿಯಂ, ನರಗಳ ಪ್ರಚೋದನೆ ಇವೆಲ್ಲದರ ಪಾತ್ರವನ್ನೂ ವಿಜ್ಞಾನಿಗಳು ಹುಡುಕಿದ್ದಾರೆ. ಒಂದು ಕೈಕೊಟ್ಟರೆ ಇನ್ನೊಂದು ಹೆಗಲು ಕೊಡುವ ಈ ಏರ್ಪಾಡು ನನ್ನನ್ನು ಪ್ರತಿಸಲವೂ ಬೆರಗುಗೊಳಿಸುತ್ತದೆ.

ತಂದೆಯವರ ವಿಷಯಕ್ಕೆ ಬರೋಣ. ದೊಡ್ಡ ಕೊರೊನರಿ ನಾಳ ಕೊಬ್ಬುಗಟ್ಟಿ ಕಿರಿದಾದರೆ ಕಿರುಧಮನಿಗಳು ವಿಶ್ರಾಂತಿಯಲ್ಲೇ ಹಿಗ್ಗಿ ಕೊರತೆಯನ್ನು ಸರಿದೂಗಿಸುತ್ತವೆ. ಅದಕ್ಕೇ ಕೂತಾಗ ನೋವಿಲ್ಲ, ಇಸಿಜಿಯೂ ಸರಿಯಿರಬಹುದು. ಮೆಟ್ಟಿಲು ಹತ್ತುವಾಗ ಮತ್ತಷ್ಟು ಹಿಗ್ಗಲು ಅವಕ್ಕೆ ಜಾಗವಿರುವುದಿಲ್ಲ. ಹೀಗೆ ಎದೆ ಹಿಡಿಯುವುದನ್ನೇ ಆಂಜೈನಾ ಎನ್ನುತ್ತಾರೆ. ಅವರಿಗಿರುವುದು ಅದೇ ಎಂದು ಪತ್ರ ಓದಿ ಹೇಳಲಾಗದು, ಪರೀಕ್ಷೆಯೇ ಹೇಳಬೇಕು. ಎಷ್ಟು ಮೆಟ್ಟಿಲಿಗೆ ಶುರುವಾಗುತ್ತದೆ, ನಿಂತರೆ ಎಷ್ಟು ನಿಮಿಷದಲ್ಲಿ ಇಳಿಯುತ್ತದೆ ಎಂದು ಬರೆದುಕೊಂಡು ಹೋಗಿ. ಕೂತಾಗಲೂ ನೋವು ಬಂದರೆ, ಅಥವಾ ನಿಂತರೂ ಇಳಿಯದಿದ್ದರೆ, ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.