ಓದುಗರ ಪ್ರಶ್ನೆ: ಕಾರ್ಖಾನೆ ನೀರು ಕುಡಿದ ಕೆರೆ ಮತ್ತೆ ಬದುಕುತ್ತಾ?

ಪ್ರಶ್ನೆ: ನಮ್ಮೂರ ಕೆರೆ ಸುಮಾರು 60 ಎಕರೆ. ಅದರ ಮೇಲ್ಗಡೆ ಕೈಗಾರಿಕಾ ಪ್ರದೇಶ ಬಂದು ಹದಿನೈದು ವರ್ಷವಾಯಿತು. ಮೊದಲ ಮಳೆ ಬಿದ್ದಾಗ ರಾಜಕಾಲುವೆಯಲ್ಲಿ ಬಣ್ಣದ ನೀರು ಬರುತ್ತದೆ. ಎರಡು ಸಲ ಮೀನು ಸತ್ತು ತೇಲಿದವು. ಈಗ ಒಂದು ಕಂಪನಿಯವರು ಬಂದು ಹೂಳು ತೆಗೆಸುತ್ತೇವೆ, ಸುತ್ತ ಕಲ್ಲು ಕಟ್ಟಿಸಿ ವಾಕಿಂಗ್ ಟ್ರ್ಯಾಕ್ ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ನನ್ನ ತಂಗಿ ಮಗ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಇದ್ದಾನೆ. ಅಲ್ಲಿನ ನದಿ ಬಂದರನ್ನು ಕೆಡಿಸಿದ ಕಾರ್ಖಾನೆಗಳೇ ದುಡ್ಡು ಹಾಕಿ ಮೀನಿಗೆ, ಹಕ್ಕಿಗೆ ಅಂತ ಜಾಗ ಮಾಡಿಕೊಡುತ್ತಿವೆಯಂತೆ. ನಮ್ಮ ಕೆರೆಗೂ ಅದು ಆಗುತ್ತಾ? ಈ ಕಂಪನಿಯವರ ಮಾತಿಗೆ ಒಪ್ಪಬಹುದಾ?
— ಕೋಲಾರ ಜಿಲ್ಲೆಯ ಓದುಗರು

ಉತ್ತರ: ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಗಿರುವ ರೂಪದಲ್ಲಿ ಒಪ್ಪಬೇಡಿ. ಬೇಡ ಅಂತ ವಾಪಸ್ ಕಳಿಸಲೂ ಬೇಡಿ. ಕೆಲಸದ ಕ್ರಮ ಬದಲಾಯಿಸಿ ಅಂತ ಕೇಳಿ. ಯಾಕೆ ಅಂತ ಹೇಳಬೇಕಾದರೆ ನಿಮ್ಮ ತಂಗಿ ಮಗ ಹೇಳಿದ ಊರಿನಿಂದಲೇ ಶುರು ಮಾಡಬೇಕು.

ಪೋರ್ಟ್‌ಲೆಂಡ್ ಇರುವುದು ವಿಲಾಮೆಟ್ ನದಿಯ ದಡದಲ್ಲಿ. ಅಲ್ಲಿ ನೂರು ವರ್ಷಕ್ಕಿಂತ ಜಾಸ್ತಿ ಕಾಲ ಹಡಗು ಕಟ್ಟಿದರು, ಎಣ್ಣೆ ಟ್ಯಾಂಕ್ ಇಟ್ಟರು, ಮರಕ್ಕೆ ರಾಸಾಯನಿಕ ಹಚ್ಚಿದರು, ಕೀಟನಾಶಕ ತಯಾರಿಸಿದರು. ಪಿಸಿಬಿ, ಡಿಡಿಟಿ, ಡಯಾಕ್ಸಿನ್ ಅನ್ನೋ, ಬೇಗ ಕರಗಿ ಹೋಗದ ವಿಷಗಳೆಲ್ಲ ನದಿಯ ತಳದ ಕೆಸರಿನಲ್ಲಿ ಕೂತವು. 2000ರ ಡಿಸೆಂಬರ್‌ನಲ್ಲಿ ಈ ಬಂದರನ್ನು ಅಲ್ಲಿನ ಸರ್ಕಾರ ‘ಸೂಪರ್‌ಫಂಡ್’ ಪಟ್ಟಿಗೆ ಸೇರಿಸಿತು. ಇದು ದೇಶದ ಅತಿ ಕಲುಷಿತ ಜಾಗಗಳ ಪಟ್ಟಿ. ಹೇಗೆ ಸ್ವಚ್ಛ ಮಾಡಬೇಕು ಅಂತ ಅಂತಿಮ ತೀರ್ಮಾನ ಆಗಿದ್ದು 2017ರ ಜನವರಿಯಲ್ಲಿ. ತೀರ್ಮಾನಕ್ಕೇ ಹದಿನಾರು ವರ್ಷ ಹಿಡಿಯಿತು. ಸುಮಾರು 16 ಕಿಲೋಮೀಟರ್ ಉದ್ದದ ಹರಿವಿನಲ್ಲಿ 400 ಎಕರೆಯಷ್ಟು ತಳವನ್ನು ಮಾತ್ರ ಅಗೆಯುವುದು ಇಲ್ಲವೇ ಮೇಲೆ ಶುದ್ಧ ಮಣ್ಣು ಹೊದಿಸುವುದು ಅಂತ ಆಯಿತು. ಉಳಿದ 1,700 ಎಕರೆಗೂ ಹೆಚ್ಚು ಜಾಗವನ್ನು ನದಿ ತಾನೇ ಹೊಸ ಹೂಳು ತಂದು ಮುಚ್ಚಿಕೊಳ್ಳಲಿ ಅಂತ ಬಿಟ್ಟು, ಕಾವಲು ಕಾಯುವ ಯೋಜನೆ. ಎಲ್ಲ ಕಡೆ ಅಗೆಯುವುದೇ ಪರಿಹಾರ ಅಲ್ಲ. ಇದು ನಾವು ಕಲಿಯಬೇಕಾದ ಮೊದಲ ಪಾಠ.

ಎರಡನೇ ಪಾಠ ಇನ್ನೂ ದೊಡ್ಡದು. ಅಲ್ಲಿ ಲೆಕ್ಕದ ಪುಸ್ತಕ ಎರಡು. ಒಂದು, ಕೊಳೆ ತೆಗೆಯುವ ಲೆಕ್ಕ. ಇನ್ನೊಂದು, ಇಷ್ಟು ವರ್ಷ ಮೀನು, ಹಕ್ಕಿ, ನೀರುನಾಯಿಯಂಥ ಪ್ರಾಣಿಗಳು ಕಳೆದುಕೊಂಡ ಬದುಕಿನ ಲೆಕ್ಕ. ಕೊಳೆ ತೆಗೆದ ಮಾತ್ರಕ್ಕೆ ಎರಡನೇ ಸಾಲ ತೀರಿತು ಅಂತ ಆಗುವುದಿಲ್ಲ. ಸರ್ಕಾರಿ ಇಲಾಖೆಗಳು, ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ಸೇರಿದ ಒಂದು ಮಂಡಳಿ ಈ ಲೆಕ್ಕ ನೋಡಿಕೊಳ್ಳುತ್ತದೆ.

ಆ ಲೆಕ್ಕ ಹಾಕುವ ರೀತಿ ನಮಗೂ ಅರ್ಥವಾಗುವಂಥದ್ದೇ. ನಿಮ್ಮ ಕೆರೆಯನ್ನೇ ತೆಗೆದುಕೊಳ್ಳಿ. ಉದಾಹರಣೆಗೆ, ಕಾಲುವೆ ಬಂದು ಸೇರುವ ಕಡೆ 10 ಎಕರೆ ಅರ್ಧದಷ್ಟು ಕೆಟ್ಟಿದೆ ಅಂತ ಇಟ್ಟುಕೊಳ್ಳೋಣ. ಹತ್ತು ವರ್ಷ ಹಾಗೇ ಇತ್ತು ಅಂದರೆ 50 ಎಕರೆ-ವರ್ಷದ ಜೀವ ಹೋಯಿತು, ಅಂದರೆ 50 ಎಕರೆ ಒಂದು ವರ್ಷ ಪೂರ್ತಿ ಸತ್ತಿದ್ದಕ್ಕೆ ಸಮ. ಕೆಡಿಸಿದವರು ಅಷ್ಟಕ್ಕೆ ಸಮನಾದ ಜಾಗ ಸರಿಮಾಡಿ ಕೊಡಬೇಕು. ತಡ ಮಾಡಿದಷ್ಟೂ ಜಾಸ್ತಿ ಕೊಡಬೇಕು.

ಆ ಬಂದರಿಗಾಗಿ ಮೊದಲು ಆದ ಇಂಥ ಕೆಲಸ ಸೌವಿ ದ್ವೀಪದ ತುದಿಯ ಆಲ್ಡರ್ ಕ್ರೀಕ್. ಅದು ಹಳೇ ಸಾಮಿಲ್ ಜಾಗ. ಕಟ್ಟಡ ಕೆಡವಿದರು. ಕಡಿದಾಗಿದ್ದ ದಡವನ್ನು ಇಳಿಜಾರು ಮಾಡಿದರು. ಒಡ್ಡು ತೆಗೆದು ನದಿ ನೀರು ಒಳಗೆ ಬರುವ ಹಾಗೆ ಸಣ್ಣ ಸಣ್ಣ ಕಾಲುವೆ ತೋಡಿದರು. ದೊಡ್ಡ ಮರದ ದಿಮ್ಮಿಗಳನ್ನು ನೀರಿನಲ್ಲಿ ಬೇಕಂತಲೇ ಬಿಟ್ಟರು. ಯಾಕೆ ಅಂದರೆ ಚಿನೂಕ್ ಸಾಲ್ಮನ್ ಅನ್ನೋ ಮೀನಿನ ಮರಿಗಳು ಸಮುದ್ರಕ್ಕೆ ಹೋಗುವ ದಾರಿಯಲ್ಲಿ ನಿಂತು, ತಿಂದು, ಬೆಳೆಯುವುದಕ್ಕೆ ಆಳವಿಲ್ಲದ, ನಿಧಾನವಾಗಿ ಹರಿಯುವ ನೀರು ಬೇಕು. ಕಾಂಕ್ರೀಟ್ ದಡದಲ್ಲಿ ಅವಕ್ಕೆ ನಿಲ್ಲಲು ಜಾಗವಿಲ್ಲ.

ಈಗ ನಿಮ್ಮ ಕೆರೆಗೆ ಬರೋಣ. ಕಂಪನಿಯವರು ಹೇಳಿದ ಕಲ್ಲಿನ ಕಟ್ಟೆ ಇದಕ್ಕೆ ಸರಿಯಾಗಿ ಉಲ್ಟಾ ಇದೆ, ಅಲ್ವಾ?

ನಮ್ಮ ಹಿರಿಯರು ಕಟ್ಟಿದ ಕೆರೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಏರಿಯ ಹತ್ತಿರ, ತೂಬಿನ ಬಳಿ ಆಳ. ಅಲ್ಲಿಂದ ಮೇಲಕ್ಕೆ ಹೋದ ಹಾಗೆ ಅಂಗಳ ಚಪ್ಪಟೆ. ಮೊಣಕಾಲುದ್ದ, ಆಮೇಲೆ ಪಾದ ಮುಳುಗುವಷ್ಟು, ಆಮೇಲೆ ಬರೀ ಒದ್ದೆ ಮಣ್ಣು. ಕೆರೆಯ ಜೀವವೆಲ್ಲ ಇರುವುದು ಈ ಅಂಚಿನಲ್ಲಿ. ಮೀನು ಮೊಟ್ಟೆ ಇಡುವುದು ಅಲ್ಲಿ. ಕೊಕ್ಕರೆ ಕಾಲಿಟ್ಟು ನಿಲ್ಲುವುದು ಅಲ್ಲಿ. ಕೊಕ್ಕರೆ ಈಜುವ ಹಕ್ಕಿ ಅಲ್ಲ, ನಿಲ್ಲುವ ಹಕ್ಕಿ. ಜೊಂಡು ಬೆಳೆದು ನೀರನ್ನು ಸೋಸುವುದೂ ಅಲ್ಲೇ. ಜೆಸಿಬಿ ತಂದು ಅಂಚಿನ ತನಕ ನೆಟ್ಟಗೆ ಅಗೆದು, ಸುತ್ತ ಕಲ್ಲು ಕಟ್ಟಿದರೆ ನೀರು ಜಾಸ್ತಿ ನಿಲ್ಲುತ್ತದೆ ನಿಜ. ಆದರೆ ಅದು ತೊಟ್ಟಿ, ಕೆರೆ ಅಲ್ಲ. ತುಮಕೂರು ಕಡೆಯ ಒಂದು ಕೆರೆಯಲ್ಲಿ ಹೀಗೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೀರು ತುಂಬಿತ್ತು. ಸುತ್ತ ಬೆಂಚು, ದೀಪ ಎಲ್ಲ ಇತ್ತು. ಒಂದು ಬೆಳಗ್ಗೆಯೆಲ್ಲ ಕೂತು ನಾನು ಎಣಿಸಿದ್ದು ನಾಲ್ಕು ನೀರುಕಾಗೆ. ಮನಸ್ಸಿಗೆ ತುಂಬಾ ಬೇಸರವಾಯಿತು.

ಹಾಗಾದರೆ ಕ್ರಮ ಏನು? ಮೊದಲು ಬರುವ ವಿಷ ನಿಲ್ಲಬೇಕು. ತೂತು ಬಿದ್ದ ಚಾವಣಿ ಹಾಗೇ ಬಿಟ್ಟು ನೆಲ ಒರೆಸಿದರೆ ಏನು ಬಂತು? ನೀವೇ ನಾಲ್ಕು ಜನ ಸೇರಿ ರಾಜಕಾಲುವೆ ಹಿಡಿದು ಮೇಲಕ್ಕೆ ನಡೆಯಿರಿ. ಬೇಸಿಗೆಯಲ್ಲಿ ಒಮ್ಮೆ, ಮೊದಲ ಮಳೆಯ ದಿನ ಒಮ್ಮೆ. ಬೇಸಿಗೆಯಲ್ಲಿ ಒಣಗಿರಬೇಕಾದ ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಅದು ಮಳೆ ನೀರಂತೂ ಅಲ್ಲ. ಪ್ರತಿ ಮೋರಿ, ಪ್ರತಿ ಪೈಪಿನ ಹತ್ತಿರ ಫೋಟೊ ತೆಗೆದು ದಿನಾಂಕ, ಗಂಟೆ ಬರೆದಿಡಿ. ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿಎಚ್ ಕಾಗದ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಎರಡೂ ಸ್ವಲ್ಪ ದುಡ್ಡಿಗೆ ಸಿಗುತ್ತವೆ.

ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕಾರ್ಖಾನೆ ಎಣ್ಣೆ ಅಂತ ಆತುರ ಪಡಬೇಡಿ. ಕಡ್ಡಿಯಿಂದ ಒಮ್ಮೆ ಅಲ್ಲಾಡಿಸಿ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ದೂರ ಹೋದರೆ ಅದು ಕಬ್ಬಿಣದಂಶ ತಿನ್ನುವ ಬ್ಯಾಕ್ಟೀರಿಯಾ, ಸಹಜ. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆ. ಆಮೇಲೆ ಅಂಚಿನ ಕೆಸರನ್ನು ಒಂದು ಹಿಡಿ ತೆಗೆದು ಟೀ ಸೋಸುವ ಜಾಲರಿಯಲ್ಲಿ ತೊಳೆಯಿರಿ. ಕೆಂಪು ದಾರದಂಥ ಹುಳು ಮಾತ್ರ ಇದ್ದರೆ ತಳದಲ್ಲಿ ಉಸಿರಾಡಲು ಗಾಳಿ ಇಲ್ಲ ಅಂತ ಅರ್ಥ. ಆ ಹುಳುವಿನ ರಕ್ತದಲ್ಲಿ ನಮ್ಮ ಹಾಗೇ ಹಿಮೋಗ್ಲೋಬಿನ್ ಇದೆ, ಅದಕ್ಕೇ ಅಂಥ ಕಡೆ ಬದುಕುತ್ತದೆ. ಕೊಡತಿ ಕೀಟದ ಮರಿ, ಬಸವನಹುಳು, ಸೀಗಡಿ ಎಲ್ಲ ಸಿಕ್ಕರೆ ಕೆರೆ ಇನ್ನೂ ಸೋತಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕೈಗೆ ಗ್ಲೌಸ್ ಹಾಕಿಸಿ.

ಇದರ ಜೊತೆಗೆ ಹಳೆಯ ಕೆರೆ ಹೇಗಿತ್ತು ಅನ್ನೋದಕ್ಕೆ ದಾಖಲೆ ಬೇಕು. ಊರಿನ ನೀರುಗಂಟಿ, ಮೀನು ಹಿಡಿಯುವವರು, ದನ ಮೇಯಿಸಿದ ಅಜ್ಜಂದಿರು ಏನು ಹೇಳುತ್ತಾರೋ ಬರೆದುಕೊಳ್ಳಿ. ಮೀನು ಹರಾಜಿನ ಹಳೇ ಲೆಕ್ಕ ಕೇಳಿ. ಹರಾಜಿನ ಮೊತ್ತ ಯಾವ ವರ್ಷ ಬಿದ್ದುಹೋಯಿತು ಅನ್ನೋದೇ ದೊಡ್ಡ ಸಾಕ್ಷಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರವೂ ಸಿಗುತ್ತದೆ. ಎರಡನೇ ಪುಸ್ತಕದ ಲೆಕ್ಕ ಬರೆಯಲು ಇದೆಲ್ಲ ಬೇಕು.

ಆ ಲೆಕ್ಕ ನಮ್ಮ ದೇಶದಲ್ಲಿ ಕೇಳಬಹುದಾ ಅಂದರೆ, ಕೇಳಬಹುದು. ಈ ದಾರಿ ತೆರೆದದ್ದರಲ್ಲಿ ನಮ್ಮ ಸೀಮೆಯಲ್ಲೇ ಹುಟ್ಟುವ ಪಾಲಾರ್ ನದಿಯ ಪಾಲೂ ಇದೆ. ಆ ನದಿ ತಮಿಳುನಾಡಿಗೆ ಹೋದ ಮೇಲೆ ವೆಲ್ಲೂರು ಕಡೆಯ ಚರ್ಮ ಹದ ಮಾಡುವ ಕಾರ್ಖಾನೆಗಳು ಅದನ್ನು ಕೆಡಿಸಿದವು. ಜನ ಸುಪ್ರೀಂ ಕೋರ್ಟಿಗೆ ಹೋದರು. 1996ರ ಆಗಸ್ಟ್‌ನಲ್ಲಿ ಬಂದ ತೀರ್ಪು ಹೇಳಿದ್ದು ಇಷ್ಟು: ಕೆಡಿಸಿದವರು ತೊಂದರೆ ಅನುಭವಿಸಿದ ಜನಕ್ಕೆ ಪರಿಹಾರ ಕೊಟ್ಟರೆ ಸಾಲದು, ಕೆಟ್ಟ ಪರಿಸರವನ್ನು ಮೊದಲಿನಂತೆ ಮಾಡುವ ಖರ್ಚನ್ನೂ ಕೊಡಬೇಕು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಸೆಕ್ಷನ್‌ನಲ್ಲೂ ಪರಿಸರವನ್ನು ಮರಳಿ ಕಟ್ಟಿಕೊಡಿ ಅಂತ ಕೇಳುವ ಹಕ್ಕಿದೆ. ನಮಗೆ ಚೆನ್ನೈ ಪೀಠ. ಆದರೆ ಇಂಥ ಅರ್ಜಿಗೆ 5 ವರ್ಷದ ಗಡುವು ಇದೆ, ದೂರಿಗೆ ಕಾರಣವಾದ ಘಟನೆ ಮೊದಲು ನಡೆದ ದಿನದಿಂದ ಲೆಕ್ಕ. ಹಾಗಾಗಿ ಮೀನು ಸತ್ತ ತಾರೀಖುಗಳನ್ನು ಇವತ್ತೇ ಬರೆದಿಟ್ಟು ಒಬ್ಬ ವಕೀಲರನ್ನು ನೋಡಿ. 2025ರಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆ ಕೇಂದ್ರ ಸರ್ಕಾರ ಹೊಸ ನಿಯಮ ತಂದಿದೆ. ನಿಮ್ಮ ಕೆರೆಯನ್ನು ಶಂಕಿತ ಕಲುಷಿತ ಜಾಗ ಅಂತ ಪರಿಗಣಿಸಿ ಅಂತ ಜಿಲ್ಲಾಧಿಕಾರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಕಂಪನಿಯವರಿಗೆ ಹೀಗೆ ಹೇಳಿ: ಮೊದಲು ಹೂಳು ಪರೀಕ್ಷೆ. ಆಮೇಲೆ ಕಾಲುವೆ ಸೇರುವ ಕಡೆ ಹೂಳು ಕೂರಲು ಒಂದು ಗುಂಡಿ, ಅದರ ಮುಂದೆ ಜೊಂಡಿನ ತೇವ ಪ್ರದೇಶ. ಮೇಲ್ಗಡೆಯ ಅಂಗಳ ಚಪ್ಪಟೆಯಾಗೇ ಇರಲಿ, ಕಲ್ಲು ಬೇಡ. ಆಳ ಬೇಕಾದರೆ ಏರಿಯ ಕಡೆ ಮಾಡಿ. ಓಡಾಡುವ ದಾರಿ ಏರಿಯ ಮೇಲೆ ಸಾಕು, ಮೂರು ದಿಕ್ಕು ಹಕ್ಕಿಗೆ ಇರಲಿ. ಅಂಗಳದಲ್ಲಿ ಕರಿಜಾಲಿ ಇದ್ದರೆ ಒಂದೂ ಕಡಿಯಬೇಡಿ. ದಡದಲ್ಲಿ ಹೊಂಗೆ, ಅತ್ತಿ, ಹುಣಸೆ ಹಾಕಿ. ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಒಮ್ಮೆ ಹೋಗಿ ಬನ್ನಿ. ಊರ ಮಧ್ಯದ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಮನೆ ಸೂರಿನ ಮೇಲೆ ಹಿಕ್ಕೆ ಬಿದ್ದರೂ ಜನ ಅವನ್ನು ಓಡಿಸಿಲ್ಲ. ಮರ ಇದ್ದು, ಸುತ್ತಲ ಕೆರೆಗಳಲ್ಲಿ ಆಳವಿಲ್ಲದ ನೀರಿದ್ದರೆ ಹಕ್ಕಿ ತಾನಾಗಿ ಬರುತ್ತದೆ.

ಇನ್ನೊಂದು ಮಾತು. ಪುಡಿ ಹಾಕಿದರೆ, ದ್ರಾವಣ ಸುರಿದರೆ ಮೂರು ತಿಂಗಳಲ್ಲಿ ಕೆರೆ ಶುದ್ಧ ಅಂತ ಬರುವವರಿದ್ದಾರೆ. ನಂಬಬೇಡಿ. ಕ್ರೋಮಿಯಂ, ನಿಕ್ಕಲ್, ಸೀಸ ಇವೆಲ್ಲ ಮೂಲವಸ್ತುಗಳು. ಯಾವ ಬ್ಯಾಕ್ಟೀರಿಯಾವೂ ಅವನ್ನು ಇಲ್ಲವಾಗಿಸಲು ಆಗುವುದಿಲ್ಲ. ತೆಗೆಯಬೇಕು, ಇಲ್ಲವೇ ಅಲ್ಲಾಡದ ಹಾಗೆ ಮುಚ್ಚಬೇಕು.

ಪ್ರಶ್ನೆ: ಕಾರ್ಖಾನೆ ನೀರು ಸೇರುವ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಸಬಹುದಾ? ಪುಕ್ಕಟೆ ಕೊಡುತ್ತಿದ್ದಾರೆ.
— ಗೌರಿಬಿದನೂರು ತಾಲ್ಲೂಕಿನ ರೈತರು

ಉತ್ತರ: ಪರೀಕ್ಷೆ ಆಗುವ ತನಕ ಒಂದು ಟ್ರ್ಯಾಕ್ಟರ್ ಲೋಡೂ ಬೇಡ. ಕೆರೆಗೋಡು, ಅಂದರೆ ಕೆರೆಯ ಹೂಳು, ನಮ್ಮ ಹೊಲಗಳಿಗೆ ತಲೆತಲಾಂತರದಿಂದ ಗೊಬ್ಬರ, ನಿಜ. ಆದರೆ ಅದನ್ನು ಗೊಬ್ಬರ ಮಾಡಿದ ಗುಣವೇ ಇಲ್ಲಿ ಅಪಾಯ. ನುಣುಪಾದ ಜೇಡಿ, ಕೊಳೆತ ಎಲೆ ಸೇರಿ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ಹಾಗೇ ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳನ್ನೂ ಹಿಡಿದಿಟ್ಟುಕೊಳ್ಳುತ್ತವೆ. ನೀರಿನ ಪರೀಕ್ಷೆಯಲ್ಲಿ ಏನೂ ಕಾಣದೆ ಇರಬಹುದು, ಗೋಡಿನಲ್ಲಿ ಕೂತಿರುತ್ತದೆ. ಕೆಸರಿನ ಒಳಗೆ ಗಾಳಿ ಇಲ್ಲದೆ ಗಂಧಕದ ಜೊತೆ ಕಟ್ಟಿಹಾಕಿಕೊಂಡಿದ್ದ ಲೋಹ, ಹೊಲದಲ್ಲಿ ಹರಡಿ ಒಣಗಿದಾಗ ಬಿಡಿಸಿಕೊಂಡು ಬೆಳೆಗೆ ಸಿಗುತ್ತದೆ. ಅದರಲ್ಲೂ ಸೊಪ್ಪು, ಗೆಡ್ಡೆ ತರಕಾರಿಗೆ ಕ್ಯಾಡ್ಮಿಯಂ ಬೇಗ ಏರುತ್ತದೆ. ಒಮ್ಮೆ ಹೊಲ ಸೇರಿದರೆ ವಾಪಸ್ ತೆಗೆಯಲು ದಾರಿಯಿಲ್ಲ.

ಮಾದರಿ ತೆಗೆಯುವಾಗ ಮೇಲಿನ ಕೆಸರು ಮಾತ್ರ ಬಾಚಿಕೊಳ್ಳಬೇಡಿ. ಕಾಲುವೆ ಬಾಯಿ, ಕೆರೆಯ ನಡು, ತೂಬಿನ ಬಳಿ ಮೂರೂ ಕಡೆ, ಒಂದೊಂದು ಅಡಿ ಆಳಕ್ಕೆ ಬೇರೆ ಬೇರೆ ಪೊಟ್ಟಣ ಮಾಡಿ. ಕೆಳಗಿನ ಪದರ ಹಳೇ ವರ್ಷಗಳದ್ದು, ಕಾರ್ಖಾನೆ ಬರುವ ಮುಂಚಿನದ್ದೂ ಸಿಗಬಹುದು. ಅದನ್ನು ಮೇಲಿನದರ ಜೊತೆ ಹೋಲಿಸಿ ನೋಡಿದರೆ ಏನು ಸೇರಿದೆ ಅಂತ ಗೊತ್ತಾಗುತ್ತದೆ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲೇ ಕೊಡಿ. ಪೂರ್ತಿ ಕೆಟ್ಟ ಗೋಡು ಅಂತ ಬಂದರೆ ಅದನ್ನು ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಸಾಗಿಸಬೇಕು. ಆ ಖರ್ಚು ರೈತರದ್ದಲ್ಲ, ಕೆಡಿಸಿದವರದ್ದು.

ಪ್ರಶ್ನೆ: ಕೆರೆ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ದಟ್ಟವಾಗಿ ಬೆಳೆದಿದೆ. ಅತ್ತೆಯವರು ಕಿತ್ತು ತಂದು ಸಾರು ಮಾಡುತ್ತಾರೆ. ತಿನ್ನಬಹುದಾ?
— ತುಮಕೂರಿನ ಓದುಗರು

ಉತ್ತರ: ಬೇಡಮ್ಮ. ಅದು ನಿಮ್ಮ ಅತ್ತೆಯವರಿಗೆ ಗೊತ್ತಿರುವ ಹೊನಗೊನ್ನೆ ಆಗಿರಲಿಕ್ಕಿಲ್ಲ. ಅದೇ ಕುಲದ ಅಲಿಗೇಟರ್ ವೀಡ್ ಅನ್ನೋ ದಕ್ಷಿಣ ಅಮೆರಿಕದ ಕಳೆ ನಮ್ಮ ಕೊಳಚೆ ಕೆರೆಗಳಲ್ಲಿ ಹಬ್ಬಿದೆ. ಹೂವು ನೋಡಿ. ಹೊನಗೊನ್ನೆಯ ಬಿಳಿ ಹೂವು ಎಲೆಯ ಬುಡಕ್ಕೇ ಅಂಟಿಕೊಂಡಿರುತ್ತದೆ. ಕಳೆಯ ಹೂವಿಗೆ ಬೆರಳುದ್ದದ ತೊಟ್ಟು ಇರುತ್ತದೆ, ಕಾಂಡ ಪೊಳ್ಳು. ಎರಡೂ ಬೇರಿನಿಂದ ಭಾರ ಲೋಹ ಹೀರುತ್ತವೆ, ಕುದಿಸಿದರೆ ಅದು ಹೋಗುವುದಿಲ್ಲ. ದನಕ್ಕೂ ಹಾಕಬೇಡಿ. ಅತ್ತೆಯವರಿಗೆ ಹೊನಗೊನ್ನೆ ಇಷ್ಟ ಅಂದರೆ ಮನೆ ಹಿಂದೆ ಬೋರ್‌ವೆಲ್ ನೀರು ಬೀಳುವ ಕಡೆ ಎರಡು ಕಡ್ಡಿ ನೆಟ್ಟುಕೊಡಿ. ತಿಂಗಳೊಳಗೆ ಸಾರಿಗೆ ಆಗುವಷ್ಟು ಚಿಗುರುತ್ತದೆ.